ನಮ್ಮ ಊರು, ನಮ್ಮ ವಾರ್ಡು, ನಮ್ಮ ಪ್ರತಿನಿಧಿ

ಗುಡ್ಡಾಪುರವೆಂದರೆ ದಾನಮ್ಮದೇವಿಯ ಕ್ಷೇತ್ರವೆಂದು ಎಲ್ಲರಿಗೂ ಗೊತ್ತು. ಅಮಾವಾಸ್ಯೆಗೆ ಕರ್ನಾಟಕ, ಮಹಾರಾಷ್ಟ್ರಗಳೆರಡರಿಂದಲೂ ಭಕ್ತರು ಇಲ್ಲಿಗೆ ಬರುತ್ತಾರೆ. ಆದರೆ ಕ್ಷೇತ್ರವಾಗಿರುವಂತೆ ಇದು ನಾವು ಬಾಳಿ ಬದುಕುವ ಊರೂ ಹೌದು. ಕುಡಿಯುವ ನೀರು, ಬೀದಿದೀಪ, ಗಟಾರು, ವಸ್ತಿಯ ದಾರಿ ಇವೆಲ್ಲ ಗ್ರಾಮ ಪಂಚಾಯತಿಯ ಕೆಲಸಗಳು. ಅಲ್ಲಿ ನಮ್ಮ ಮಾತು ನಡೆಯಬೇಕಾದರೆ ವಾರ್ಡು ಎಂದರೇನು, ಅದರ ಗೆರೆಯನ್ನು ಯಾರು ಎಳೆಯುತ್ತಾರೆ ಎಂಬುದನ್ನು ನಾವು ತಿಳಿದಿರಬೇಕು.

ಮಹಾರಾಷ್ಟ್ರದ ಗ್ರಾಮ ಪಂಚಾಯತಿಗಳು 1958ರ ಕಾಯಿದೆಯಂತೆ ನಡೆಯುತ್ತವೆ. ಊರಿನ ಜನಸಂಖ್ಯೆ 1,500ರವರೆಗೆ ಇದ್ದರೆ 7 ಸದಸ್ಯರು, 3,000ದವರೆಗೆ 9, 4,500ರವರೆಗೆ 11. ಹೀಗೆಯೇ ಏರುತ್ತ 7,500 ಮೀರಿದರೆ 17. ಒಂದು ವಾರ್ಡಿನಿಂದ ಹೆಚ್ಚೆಂದರೆ ಮೂವರು ಆರಿಸಿ ಬರುತ್ತಾರೆ. ಸರಪಂಚರನ್ನು ಮಾತ್ರ ಊರಿನ ಎಲ್ಲ ಮತದಾರರೂ ನೇರವಾಗಿ ಆರಿಸುತ್ತಾರೆ. ಈ ಪದ್ಧತಿ 2017ರಲ್ಲಿ ಬಂದು, 2020ರಲ್ಲಿ ರದ್ದಾಗಿ, 2022ರಲ್ಲಿ ಮರಳಿ ಬಂದಿತು.

ವಿದ್ಯಾರ್ಥಿ ಮಿತ್ರರೇ, ಒಂದು ಸುಲಭವಾದ ಲೆಕ್ಕ ಮಾಡೋಣ. ಒಂದು ಊರಿನಲ್ಲಿ 3,300 ಜನರಿದ್ದಾರೆ ಎನ್ನೋಣ. ಅಲ್ಲಿ 11 ಸದಸ್ಯರು. ಅಂದರೆ 300 ಜನರಿಗೆ ಒಬ್ಬರು. ಮೂವರು ಸದಸ್ಯರ ವಾರ್ಡಿನಲ್ಲಿ ಸುಮಾರು 900, ಇಬ್ಬರ ವಾರ್ಡಿನಲ್ಲಿ ಸುಮಾರು 600 ಜನರಿರಬೇಕು. ಒಂದು ವಾರ್ಡಿನ 600 ಜನರಿಗೂ ಇನ್ನೊಂದು ವಾರ್ಡಿನ 1,200 ಜನರಿಗೂ ಮೂವರಂತೆಯೇ ಸದಸ್ಯರನ್ನು ಕೊಟ್ಟರೆ ಏನಾಗುತ್ತದೆ? ಎರಡನೆಯ ವಾರ್ಡಿನವನ ಮತದ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಗೆರೆ ಎಳೆಯುವುದು ಬರಿಯ ನಕಾಶೆಯ ಕೆಲಸವಲ್ಲ, ನ್ಯಾಯದ ಕೆಲಸ.

ಗೆರೆ ಎಳೆಯುವಾಗ ಜನಗಣತಿಯ ಅಂಕಿಗಳನ್ನು ಆಧಾರವಾಗಿ ಹಿಡಿಯುತ್ತಾರೆ. ರಸ್ತೆ, ಹಳ್ಳಗಳಂಥ ಗುರುತುಗಳನ್ನು ಸೀಮೆಯಾಗಿ ನೋಡುತ್ತಾರೆ. ತಹಸೀಲದಾರರ ಕಚೇರಿಯಲ್ಲಿ ಕರಡು ಸಿದ್ಧವಾದ ಮೇಲೆ ಅದನ್ನು ಊರಿನಲ್ಲಿ ಪ್ರಕಟಿಸಿ, ತಕರಾರು ಇದ್ದವರು ಇಂತಿಷ್ಟು ದಿನಗಳೊಳಗೆ ಬರೆದು ಕೊಡಬೇಕೆಂದು ಕೇಳುತ್ತಾರೆ. ಅವುಗಳ ವಿಚಾರಣೆ ಮುಗಿದ ಬಳಿಕವೇ ಗೆರೆ ಕಾಯಂ ಆಗುತ್ತದೆ. ಆ ಕೆಲವೇ ದಿನಗಳು ಬಹಳ ಬೆಲೆಯುಳ್ಳವು.

ಏಕೆಂದರೆ ನಮ್ಮ ಭಾಗದಲ್ಲಿ ಎಲ್ಲರೂ ಊರೊಳಗಿನ ಓಣಿಗಳಲ್ಲಿಯೇ ಇರುವುದಿಲ್ಲ. ಎಷ್ಟೋ ಮನೆತನಗಳು ಹೊಲದ ವಸ್ತಿಗಳಲ್ಲಿವೆ. ಒಂದೇ ದಾರಿ, ಒಂದೇ ಬಾವಿಯನ್ನು ನಂಬಿದ ವಸ್ತಿಯ ನಡುವೆ ಗೆರೆ ಹಾದುಹೋದರೆ ಅರ್ಧ ಮನೆಗಳು ಒಂದು ವಾರ್ಡಿಗೆ, ಅರ್ಧ ಇನ್ನೊಂದಕ್ಕೆ ಸೇರುತ್ತವೆ. ಆಗ ಆ ದಾರಿಯ ಚಿಂತೆ ಯಾವ ಸದಸ್ಯರಿಗೂ ಪೂರ್ತಿಯಾಗಿ ತಮ್ಮದೆನಿಸುವುದಿಲ್ಲ. ಕಬ್ಬು ಕಡಿಯಲು ಊರು ಬಿಟ್ಟು ಹೋದವರಿಗಂತೂ ಕರಡು ಪ್ರಕಟವಾದದ್ದೇ ತಿಳಿಯದೆ ಹೋಗಬಹುದು.

ಇನ್ನೊಂದು ತೊಡಕು ಭಾಷೆಯದು. ರಾಜ್ಯದ ಆಡಳಿತ ಭಾಷೆ ಮರಾಠಿ. ಚಾವಡಿಯ ಗೋಡೆಗೆ ಹಚ್ಚಿದ ಮರಾಠಿ ಕಾಗದ ಕನ್ನಡವನ್ನಷ್ಟೇ ಬಲ್ಲ ಅಜ್ಜಿಗೆ ಏನು ಹೇಳೀತು? ಇಲ್ಲಿಯೇ ನಿಮ್ಮ ಪಾತ್ರ. ಕನ್ನಡ ಶಾಲೆಯಲ್ಲಿ ಕಲಿತರೂ ಮರಾಠಿಯನ್ನೂ ಓದಬಲ್ಲವರು ನೀವು. ಅದನ್ನು ಓದಿ, ಮನೆಯವರಿಗೆ ಕನ್ನಡದಲ್ಲಿ ತಿಳಿಸಿ ಹೇಳಿರಿ.

ಪಂಚಾಯತಿಯ ಮೇಲಿನ ಮೆಟ್ಟಿಲುಗಳೂ ಇದೇ ಬಗೆಯವು. ಜಿಲ್ಲಾ ಪರಿಷತ್ತಿನ ಒಂದು ಗಟದಲ್ಲಿ ಪಂಚಾಯತಿ ಸಮಿತಿಯ ಎರಡು ಗಣಗಳಿರುತ್ತವೆ. ಸರಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವುದು ಜಿಲ್ಲಾ ಪರಿಷತ್ತು. ಸಾಂಗಲಿ ಜಿಲ್ಲಾ ಪರಿಷತ್ತಿನ ಅವಧಿ 2022ರ ಮಾರ್ಚ್ ತಿಂಗಳಲ್ಲಿ ಮುಗಿದು, ಮುಂದೆ ಮೂರು ವರ್ಷಕ್ಕೂ ಮಿಕ್ಕಿ ಆರಿಸಿಬಂದ ಸದಸ್ಯರಿಲ್ಲದೆ ಆಡಳಿತಾಧಿಕಾರಿಗಳಿಂದಲೇ ಕಾರಭಾರ ನಡೆಯಿತು. ಅಂಥ ಕಾಲದಲ್ಲಿ ಗಟದ ಸದಸ್ಯರ ಮನೆಗೆ ಹೋಗಿ ಕೇಳೋಣವೆಂದರೆ ಸದಸ್ಯರೇ ಇರುವುದಿಲ್ಲ. ವಿಧಾನಸಭೆಗೆ ನಮ್ಮದು ಜತ್ತ ಮತಕ್ಷೇತ್ರ. ರಾಜ್ಯದ 288 ಕ್ಷೇತ್ರಗಳಲ್ಲಿ ಇದರ ಸಂಖ್ಯೆಯೂ 288, ಯಾದಿಯಲ್ಲಿ ಕಟ್ಟಕಡೆಯದು.

ಕಡೆಯ ಕ್ಷೇತ್ರದ ದನಿ ದೂರಕ್ಕೆ ಕೇಳಿಸದೆಂದು ತಿಳಿಯಬೇಕಾಗಿಲ್ಲ. ಬರಗಾಲದ 2012ರಲ್ಲಿ ಜತ್ತ ತಾಲೂಕಿನ ಕೆಲವು ಗ್ರಾಮಗಳು ನೀರು ಸಿಗದಿದ್ದರೆ ಕರ್ನಾಟಕಕ್ಕೆ ಸೇರುವೆವೆಂದು ಠರಾವು ಮಾಡಿದವು. ಹತ್ತು ವರ್ಷಗಳ ತರುವಾಯ, 2022ರಲ್ಲಿ, ಅದೇ ಠರಾವಿನ ಮಾತು ಎರಡೂ ರಾಜ್ಯಗಳ ಮುಖಂಡರ ಬಾಯಲ್ಲಿ ಬಂದಿತು. ಮ್ಹೈಸಾಳ ನೀರಿನ ಯೋಜನೆಯ ವಿಸ್ತರಣೆ ಮತ್ತೆ ಚರ್ಚೆಯ ಮುಂಚೂಣಿಗೆ ಬಂದಿತು. ಆ ಬೇಡಿಕೆ ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಊರವರು ಕೂಡಿ ಬರೆದಿಟ್ಟ ಒಂದು ಹಾಳೆಗೆ ಎಷ್ಟು ಬಾಳಿಕೆಯಿದೆ ಎಂಬುದನ್ನು ಗಮನಿಸಿದರೆ ಸಾಕು.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ಗ್ರಾಮಸಭೆ ತಪ್ಪಿಸಬೇಡಿರಿ, ತಾಯಂದಿರೂ ಬರಲಿ. 2011ರಿಂದ ಪಂಚಾಯತಿಯ ಅರ್ಧ ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಮತದಾರರ ಯಾದಿಯಲ್ಲಿ ಮನೆಯವರೆಲ್ಲರ ಹೆಸರು ಸರಿಯಾದ ವಾರ್ಡಿನಲ್ಲಿದೆಯೇ ನೋಡಿರಿ. ಮಕ್ಕಳೇ, ನಿಮಗೆ 18 ತುಂಬಲು ಇನ್ನೂ ಕೆಲವು ವರ್ಷಗಳಿವೆ. ಅಲ್ಲಿಯವರೆಗೆ ನಿಮ್ಮ ವಾರ್ಡಿನ ನಕಾಶೆಯೊಂದನ್ನು ಬರೆಯಿರಿ. ಓಣಿ, ವಸ್ತಿ, ನೀರಿನ ಟಾಕಿ, ದೀಪವಿಲ್ಲದ ಕಂಬ, ಎಲ್ಲವನ್ನೂ ಗುರುತಿಸಿರಿ. ಮುಂದಿನ ಗ್ರಾಮಸಭೆಗೆ ಹೋಗುವ ಹಿರಿಯರ ಕೈಯಲ್ಲಿ ಆ ನಕಾಶೆ ಇರಲಿ.