ಅಲ್ಯೂಮಿನಿಯಮ್ ಬೆಸುಗೆ: ಕಲಿಯುವವರಿಗೆ ಕೆಲವು ಮಾತು



ವೈದ್ಯರಾದ ನಾವು ಬೆಸುಗೆಯ ವಿಷಯವನ್ನು ಆರಿಸಿಕೊಂಡದ್ದು ತಮಗೆ ವಿಚಿತ್ರವೆನಿಸಬಹುದು. ದೋಣಿಯ ಬಿರುಕನ್ನೋ ಸೈಕಲ್ಲಿನ ಚೌಕಟ್ಟನ್ನೋ ತಾವೇ ಸರಿಪಡಿಸಿಕೊಳ್ಳುವ ಹವ್ಯಾಸ ಸ್ವೀಡನ್ನಿನಲ್ಲಿ ನೆಲೆಸಿದ ನಮ್ಮವರಿಗೂ ಅಂಟಿದೆ. ಅದರಿಂದಾಗುವ ಗಾಯಗಳನ್ನು ನೋಡುವುದು ನಮ್ಮ ವೃತ್ತಿ. ಆದ್ದರಿಂದಲೇ ಈ ಮಾತು.

ಈ ವಿದ್ಯೆಗೂ ಈ ನಾಡಿಗೂ ಹಳೆಯ ನಂಟುಂಟು. ಔಷಧ ತಯಾರಕ ಕಾರ್ಲ್ ವಿಲ್ಹೆಲ್ಮ್ ಶೀಲೆ 1781ರಲ್ಲಿ ಭಾರವಾದ ಖನಿಜವೊಂದರಿಂದ ಹೊಸ ಆಮ್ಲವನ್ನು ಬೇರ್ಪಡಿಸಿದನು. ಆ ಖನಿಜದ ಅಂದಿನ ಸ್ವೀಡಿಷ್ ಹೆಸರೇ ಟಂಗ್‌ಸ್ಟನ್, ಅಂದರೆ ‘ಭಾರದ ಕಲ್ಲು’. ಜಗತ್ತಿನ ಹಲವು ಭಾಷೆಗಳು ಆ ಹೆಸರನ್ನು ಲೋಹಕ್ಕಿಟ್ಟುಕೊಂಡವು; ಸ್ವೀಡನ್ನಿನವರಾದರೋ ಅದನ್ನು ವೋಲ್‌ಫ್ರಾಮ್ ಎನ್ನುತ್ತಾರೆ. 3,400 ಡಿಗ್ರಿ ಸೆಲ್ಸಿಯಸ್ಸಿನವರೆಗೂ ಕರಗದ ಆ ಲೋಹದ ಕಡ್ಡಿಯೇ ಟಿಗ್ ಬೆಸುಗೆಯ ಜೀವ. ಕಡ್ಡಿಗೂ ಕೆಲಸದ ತುಂಡಿಗೂ ನಡುವೆ ವಿದ್ಯುತ್ ಚಾಪ ಉರಿಯುತ್ತದೆ. ಸುತ್ತಲೂ ಹರಿಯುವ ಆರ್ಗಾನ್ ಅನಿಲ ಗಾಳಿಯನ್ನು ದೂರವಿಡುತ್ತದೆ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ತುಂಬುವ ತಂತಿ, ಕಾಲಡಿಯಲ್ಲಿ ವಿದ್ಯುತ್ತನ್ನು ಏರಿಳಿಸುವ ಪೆಡಲ್.

ಅಲ್ಯೂಮಿನಿಯಮ್ಮಿನ ತೊಡಕು ಅದರ ಚರ್ಮದಲ್ಲಿದೆ. ಲೋಹ 660 ಡಿಗ್ರಿಗೇ ಕರಗುತ್ತದೆ. ಅದರ ಮೇಲಿನ ಆಕ್ಸೈಡ್ ಪೊರೆ ಕರಗಬೇಕಾದರೆ 2,000 ಡಿಗ್ರಿ ದಾಟಬೇಕು. ಇದಕ್ಕಾಗಿಯೇ ಎ.ಸಿ. ವಿದ್ಯುತ್ತನ್ನು ಬಳಸುತ್ತಾರೆ. ಅದರ ಒಂದು ಅರ್ಧಾವರ್ತ ಪೊರೆಯನ್ನು ಒಡೆಯುತ್ತದೆ, ಇನ್ನೊಂದು ಲೋಹವನ್ನು ಕರಗಿಸುತ್ತದೆ.

ಆದರೂ ಮೊದಲು ಶುಚಿ ಬೇಕು. ನಮ್ಮ ಅಜ್ಜಿಯರ ಮಡಿಯಷ್ಟೇ ಕಟ್ಟುನಿಟ್ಟಿನ ಶುಚಿ. ಅಸಿಟೋನಿನಿಂದ ಜಿಡ್ಡನ್ನು ಒರೆಸಿ, ಅದು ಪೂರ್ತಿ ಆರಿದ ಮೇಲೆ, ಅಲ್ಯೂಮಿನಿಯಮ್ಮಿಗೆಂದೇ ಮೀಸಲಿಟ್ಟ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್ಷಿನಿಂದ ಉಜ್ಜಬೇಕು. ಸೀಸೆಯನ್ನು ದೂರವಿಡಬೇಕು. ಕ್ಲೋರಿನ್‌ಯುಕ್ತ ದ್ರಾವಕ ಕೂಡದು. ಅದರ ಆವಿ ಚಾಪದ ಬಳಿ ಫಾಸ್ಜೀನ್ ಎಂಬ ವಿಷಾನಿಲವಾಗಿ, ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು.

3 ಮಿಲಿಮೀಟರ್ ದಪ್ಪದ ಹಾಳೆಗೆ ಸುಮಾರು 120 ಆಂಪಿಯರ್ ಸಾಕು. ಕಬ್ಬಿಣದಂತೆ ಇದು ಕೆಂಪಾಗಿ ಎಚ್ಚರಿಸುವುದಿಲ್ಲ. ಮೇಲ್ಮೈ ಕನ್ನಡಿಯಂತೆ ಹೊಳೆದಾಗ ಕೊಳ ಮೂಡಿತೆಂದು ತಿಳಿಯಬೇಕು. ಆಗ ತಂತಿಯನ್ನು ಒಮ್ಮೆ ಮುಟ್ಟಿಸಿ ಮುಂದೆ ಸಾಗಬೇಕು. ಟಂಗ್‌ಸ್ಟನ್ ಕಡ್ಡಿ ಕೊಳಕ್ಕೆ ತಗುಲಿದರೆ ನಿಲ್ಲಿಸಿ, ಅದನ್ನು ಮತ್ತೆ ಮಸೆಯಬೇಕು. ಕೊನೆಯಲ್ಲಿ ಪೆಡಲನ್ನು ಮೆಲ್ಲನೆ ಬಿಡಬೇಕು. ಥಟ್ಟನೆ ಬಿಟ್ಟರೆ ಕುಳಿಯಲ್ಲಿ ಬಿರುಕು ಬೀಳುತ್ತದೆ.

ಇನ್ನು ಕಣ್ಣಿನ ಮಾತು. ‘ಒಂದೇ ಕ್ಷಣ’ ಎಂದು ಮುಖವಾಡವಿಲ್ಲದೆ ನೋಡಿದವರಿಗೆ ಆಗ ಏನೂ ಅನಿಸದು. ಆರರಿಂದ ಹನ್ನೆರಡು ಗಂಟೆಗಳ ನಂತರ, ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಸುರಿದಂತೆ ಉರಿಯುತ್ತದೆ. ನೇರಳಾತೀತ ಕಿರಣಗಳು ಕಾರ್ನಿಯಾದ ಹೊರಪದರವನ್ನು ಸುಟ್ಟಿರುತ್ತವೆ. ಇದು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮಾಯುತ್ತದೆ. ಮರಗಟ್ಟಿಸುವ ಹನಿಗಳನ್ನು ಮನೆಯಲ್ಲಿ ತಾವಾಗಿಯೇ ಹಾಕಿಕೊಳ್ಳಬಾರದು, ಮಾಯುವಿಕೆ ತಡವಾಗುತ್ತದೆ. ಬಳಿ ನಿಂತು ನೋಡುವ ಮಕ್ಕಳ ಕಣ್ಣಿಗೂ ಇದೇ ಗತಿ.

ದೇಹದಲ್ಲಿ ಅಳವಡಿಸುವ ಮೊದಲ ಪೇಸ್‌ಮೇಕರ್ 1958ರಲ್ಲಿ ಸ್ವೀಡನ್ನಿನಲ್ಲೇ ರೋಗಿಯೊಬ್ಬರ ಒಡಲು ಸೇರಿತು. ಅಂಥ ಸಾಧನವುಳ್ಳವರು ತಮ್ಮ ಹೃದಯವೈದ್ಯರನ್ನು ಕೇಳದೆ ಟಾರ್ಚನ್ನು ಮುಟ್ಟಬಾರದು.

ತುಂಡಾದ ಲೋಹವನ್ನು ಮತ್ತೆ ಕೂಡಿಸಬಹುದು. ಕಣ್ಣಿಗೆ ಆ ಅನುಕೂಲ ಸದಾ ಇಲ್ಲ. ಮೊದಲು ಮುಖವಾಡ ಇಳಿಯಲಿ, ಅನಂತರ ಚಾಪ ಹೊತ್ತಲಿ.