ಸೂಕ್ಷ್ಮತರಂಗಕ್ಕೆ ಅಯಸ್ಕಾಂತದ ಕಡಿವಾಣ

ಹೊನ್ನಾಳಿಯಲ್ಲಿ ತುಂಗಭದ್ರೆಯ ಮರಳಿನ ಮೇಲೆ ಅಯಸ್ಕಾಂತದ ತುಂಡನ್ನು ಎಳೆದಾಡಿದರೆ ಅದಕ್ಕೆ ಕಪ್ಪು ಪುಡಿಯ ಮೀಸೆ ಮೂಡುತ್ತದೆ. ಅದು ಬಹುಮಟ್ಟಿಗೆ ಮ್ಯಾಗ್ನಟೈಟ್. ಚನ್ನಗಿರಿ ತಾಲ್ಲೂಕಿನ ಉಬ್ರಾಣಿ, ಮಸಣಿಕೆರೆಗಳ ಸುತ್ತ ಟೈಟೇನಿಯಂ, ವೆನೇಡಿಯಂ ಬೆರೆತ ಇದೇ ಅದಿರಿನ ನಿಕ್ಷೇಪಗಳಿವೆ. ಮಕ್ಕಳ ಆಟಕ್ಕೊದಗುವ ಈ ಪುಡಿಯ ಬಂಧುವೊಂದು ಭೌತವಿಜ್ಞಾನದ ಹಳೆಯ ತೊಡಕನ್ನು ಬಿಡಿಸುತ್ತಿದೆ.

ತೊಡಕು ಸೂಕ್ಷ್ಮತರಂಗಗಳದ್ದು. 1895ರಲ್ಲಿ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು ಈ ಅಲೆಗಳನ್ನು ಪ್ರದರ್ಶಿಸಿದರು. 1953ರಲ್ಲಿ ಅಮೆರಿಕದಿಂದ ಮರಳಿದ ರಾಜೇಶ್ವರಿ ಚಟರ್ಜಿ, ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಸಂಶೋಧನೆಯನ್ನು ಬೆಳೆಸಿದರು.

ಹೆಸರು ಸೂಕ್ಷ್ಮವಾದರೂ ಅಲೆ ಸೂಕ್ಷ್ಮವಲ್ಲ. ಸೆಕೆಂಡಿಗೆ 287 ಕೋಟಿ ಬಾರಿ ಕಂಪಿಸುವ ಅಲೆಯ ತರಂಗಾಂತರ ಸುಮಾರು 10.4 ಸೆಂಟಿಮೀಟರ್, ಅಂದರೆ ಅರ್ಧ ಗೇಣು. ಎಂಥ ಮಸೂರ ಹಿಡಿದರೂ ಅದನ್ನು ತರಂಗಾಂತರದ ಅರ್ಧಕ್ಕಿಂತ ಬಹಳ ಚಿಕ್ಕ ಜಾಗದಲ್ಲಿ ಕೂಡಿಸಲಾಗದು. ಸಣ್ಣ ತಂತಿಯ ಪಕ್ಕದಲ್ಲಿ ಒತ್ತರಿಸಬಹುದು. ಆದರೆ ತಂತಿ ಬಿಸಿಯೇರುತ್ತದೆ.

ಪರಿಹಾರ ಬುಗುರಿಯಲ್ಲಿದೆ. ನ್ಯಾಮತಿಯ ಹುಡುಗರು ಬೀಸಿದ ಬುಗುರಿ ತಿರುಗುತ್ತಲೇ ತಲೆ ತೂಗುತ್ತದಲ್ಲವೇ? ಅಯಸ್ಕಾಂತದೊಳಗಿನ ಎಲೆಕ್ಟ್ರಾನುಗಳೂ ಕಾಂತಕ್ಷೇತ್ರದ ಸುತ್ತ ಹಾಗೆಯೇ ತೂಗುತ್ತವೆ. ಒಂದು ತೂಗಿದರೆ ನೆರೆಯದೂ ತೂಗುತ್ತದೆ. ಜಗಳೂರಿನ ಜೋಳದ ಹೊಲದ ಮೇಲೆ ಗಾಳಿ ಬೀಸಿದಾಗ ದಂಟು ನಿಂತಲ್ಲೇ ನಿಂತು ಅಲೆ ಮಾತ್ರ ಸಾಗುವಂತೆ, ಇಲ್ಲಿ ತೂಗಾಟ ಸಾಗುತ್ತದೆ. ಇಂಥ ಅಲೆಯನ್ನು 1930ರಲ್ಲಿ ಫೆಲಿಕ್ಸ್ ಬ್ಲಾಖ್ ಊಹಿಸಿದ್ದರು. ಇದರ ವೇಗ ಬೆಳಕಿಗಿಂತ ತೀರ ಕಡಿಮೆ. ಆದ್ದರಿಂದ ಅದೇ ಆವೃತ್ತಿಯಲ್ಲಿ ಅರ್ಧ ಗೇಣಿನ ಅಲೆ ಮಿಲಿಮೀಟರಿನ ಸಾವಿರದ ಕೆಲವೇ ಪಾಲಿಗೆ ಕುಗ್ಗುತ್ತದೆ. ಅದರ ಕ್ಷೇತ್ರವೂ ಹಾಳೆಯ ಮೇಲ್ಮೈಗೆ ಅಂಟಿಕೊಂಡಿರುತ್ತದೆ. ಹೊರಗಿನ ಅಯಸ್ಕಾಂತವನ್ನು ಹತ್ತಿರ, ದೂರ ಸರಿಸಿದರೆ ಅಲೆಯ ಉದ್ದವೂ ಬದಲಾಗುತ್ತದೆ.

ಹೊಳೆಯ ಮ್ಯಾಗ್ನಟೈಟ್ ಇದಕ್ಕೆ ಒದಗದು. ಅದರಲ್ಲಿ ವಿದ್ಯುತ್ ಹರಿಯುವುದರಿಂದ ಅಲೆಯ ಶಕ್ತಿ ಬಿಸಿಯಾಗಿ ಸೋರುತ್ತದೆ. 1956ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆರ್ಟೋ ಮತ್ತು ಫೊರಾ ಕಂಡುಕೊಂಡ ಯಿಟ್ರಿಯಂ ಕಬ್ಬಿಣದ ಗಾರ್ನೆಟ್ ವಿದ್ಯುನ್ನಿರೋಧಕ. ಅದರಲ್ಲಿ ತೂಗಾಟ ಬೇಗ ನಿಲ್ಲುವುದಿಲ್ಲ.

ನೆದರ್ಲೆಂಡ್ಸಿನ ಡೆಲ್ಫ್ಟ್‌ನ ವಿಜ್ಞಾನಿಗಳು ಈ ಗಾರ್ನೆಟ್ ಹಾಳೆಯ ಬಳಿ ವಜ್ರವನ್ನಿಟ್ಟು, ಅದರೊಳಗಿನ ನೈಟ್ರೋಜನ್ ದೋಷಗಳ ನೆರವಿನಿಂದ ಅಲೆಯ ಚಿತ್ರವನ್ನೇ ತೆಗೆದು 2020ರಲ್ಲಿ ಪ್ರಕಟಿಸಿದರು. ಆ ದೋಷಗಳು ಮಿಡಿಯುವ ಸಹಜ ಆವೃತ್ತಿಯೇ ಮೇಲೆ ಹೇಳಿದ 287 ಕೋಟಿ. ಅವು ಅತಿ ಸಣ್ಣ ಕಾಂತಕ್ಷೇತ್ರವನ್ನೂ ಅಳೆಯಬಲ್ಲವು. ಕ್ವಾಂಟಂ ಗಣಕಗಳಿಗೂ ಬೇಕಾದವು. ಒಂದನ್ನು ಮುಟ್ಟುವಾಗ ನೆರೆಯದು ಕದಡಬಾರದು. ಅರ್ಧ ಗೇಣಿನ ಅಲೆಯಿಂದ ಆಗದ ಕೆಲಸ ಕುಗ್ಗಿದ ಅಲೆಯಿಂದ ಆದೀತು.

ದಾರಿ ಇನ್ನೂ ಸಲೀಸಲ್ಲ. ದೂರ ಹೋದಂತೆ ಅಲೆ ಕ್ಷೀಣಿಸುತ್ತದೆ; ಸಿಲಿಕಾನ್ ಬಿಲ್ಲೆಯ ಮೇಲೆ ಒಳ್ಳೆಯ ಗಾರ್ನೆಟ್ ಹಾಳೆ ಬೆಳೆಸುವುದು ಕಷ್ಟ. ಅದನ್ನು ಬಿಡಿಸುವವರು ನಮ್ಮ ತಾಲ್ಲೂಕುಗಳ ಶಾಲೆಗಳಿಂದಲೂ ಬರಬಹುದು. ಅವರಿಗೆ ಡೆಲ್ಫ್ಟ್ ದೂರ; ಆದರೆ ಮೊದಲ ಪ್ರಯೋಗಕ್ಕೆ ಬೇಕಾದ ಹಿಡಿ ಮರಳು ಹೊಳೆದಂಡೆಯಲ್ಲೇ ಇದೆ.