ಶಾಸನದ ಫೋಟೋ ತಿದ್ದಲು ದುಡ್ಡು ಕೊಡಬೇಕೆ? ತೂಬಗೆರೆ ಕಡೆಯ ಕಲ್ಲುಗಳನ್ನು ಮುಂದಿಟ್ಟುಕೊಂಡು ಒಂದು ಲೆಕ್ಕ

ಶಾಸನಾಸಕ್ತರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: "ಸರ್, ಕಂಪ್ಯೂಟರ್ ಜೊತೆ ಬರೋ ಫೋಟೋ ಎಡಿಟರ್ ಸಾಕಾ, ಇಲ್ಲಾ ಫೋಟೋಶಾಪ್ ತಗೋಬೇಕಾ?" ಉತ್ತರ ಒಂದೇ ಸಾಲಿನಲ್ಲಿ ಮುಗಿಯೋದಿಲ್ಲ. ಯಾಕಂದ್ರೆ ಮದುವೆ ಫೋಟೋ ತಿದ್ದೋದೇ ಬೇರೆ, ಶಾಸನದ ಫೋಟೋ ತಿದ್ದೋದೇ ಬೇರೆ. ಮದುವೆ ಫೋಟೋದಲ್ಲಿ ಚಂದ ಕಂಡರೆ ಸಾಕು. ಶಾಸನದಲ್ಲಿ ಇಲ್ಲದ ಅಕ್ಷರ ಹುಟ್ಟಬಾರದು, ಇರೋ ಅಕ್ಷರ ಅಳಿಯಬಾರದು.

ತೂಬಗೆರೆ, ಮಾಕಳಿದುರ್ಗ, ಘಾಟಿ ಸುಬ್ರಹ್ಮಣ್ಯದ ಆಸುಪಾಸಿನಲ್ಲಿ ಓಡಾಡುವವರಿಗೆ ಇದು ಇನ್ನೂ ಮುಖ್ಯ. ಹೆಸರಲ್ಲೇ ತೂಬೂ ಕೆರೆಯೂ ಕೇಳಿಸುವ ಊರು ಅದು. ದೊಡ್ಡಬಳ್ಳಾಪುರ ತಾಲ್ಲೂಕಿನ ಶಾಸನಗಳು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟದಲ್ಲಿ 1905ರಲ್ಲೇ ಅಚ್ಚಾದವು. ಅಲ್ಲಿಂದೀಚೆಗೆ ಬೆಂಗಳೂರಿನ ಸುತ್ತ ಹೊಲಗಳು ಲೇಔಟ್ ಆಗಿವೆ, ರಸ್ತೆಗಳು ಅಗಲವಾಗಿವೆ. ಒಂದು ಕಲ್ಲು ಕಾಣೆಯಾದರೆ, ಯಾರೋ ಆಸಕ್ತರು ಮೊಬೈಲಲ್ಲಿ ತೆಗೆದ ಫೋಟೋನೇ ಉಳಿಯುವ ಏಕೈಕ ಸಾಕ್ಷಿ ಆಗಬಹುದು. ಆ ಸಾಕ್ಷಿಯನ್ನು ನಾವೇ ಕೆಡಿಸಬಾರದು.

ಮೊದಲು ಬೆಳಕು, ಆಮೇಲೆ ಸಾಫ್ಟ್‌ವೇರ್

ಕಲ್ಲಿನಲ್ಲಿ ಕೊರೆದ ಅಕ್ಷರಕ್ಕೆ ಬೇರೆ ಬಣ್ಣ ಇರೋದಿಲ್ಲ. ನಾವು ಓದುವುದು ಅಕ್ಷರದ ತಗ್ಗಿನಲ್ಲಿ ಬೀಳುವ ನೆರಳನ್ನು. ನಡುಮಧ್ಯಾಹ್ನ, ಬಿಸಿಲು ನೇರವಾಗಿ ಕಲ್ಲಿನ ಮುಖಕ್ಕೆ ಹೊಡೆಯುವಾಗ ತೆಗೆದ ಫೋಟೋದಲ್ಲಿ ನೆರಳೇ ಇರೋದಿಲ್ಲ. ಇಲ್ಲದ ನೆರಳನ್ನು ಯಾವ ದುಬಾರಿ ಸಾಫ್ಟ್‌ವೇರೂ ತಂದುಕೊಡಲಾರದು.

ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು, ಪಕ್ಕದಿಂದ ಓರೆಯಾಗಿ ಬರಬೇಕು. ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ನೋಡಿಕೊಂಡು ಹೊತ್ತು ಆರಿಸಿಕೊಳ್ಳಿ. ಮರದ ಕೆಳಗೋ ಗುಡಿಯ ಒಳಗೋ ಇದ್ದರೆ ಸಂಜೆಗತ್ತಲಲ್ಲಿ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿಯಿರಿ. ಹಗಲಲ್ಲಾದರೆ ಒಂದು ಕನ್ನಡಿಯಿಂದ ಬಿಸಿಲನ್ನು ತಿರುಗಿಸಿದರೂ ಆಯ್ತು. ಎಡದಿಂದ, ಬಲದಿಂದ, ಮೇಲಿಂದ, ಹೀಗೆ ಮೂರ್ನಾಲ್ಕು ದಿಕ್ಕಿನ ಬೆಳಕಲ್ಲಿ ಒಂದೊಂದು ಫೋಟೋ ಇರಲಿ. ಅಡ್ಡಗೆರೆಗಳು ಒಂದರಲ್ಲಿ ಎದ್ದು ಕಂಡರೆ ಉದ್ದಗೆರೆಗಳು ಇನ್ನೊಂದರಲ್ಲಿ ಕಾಣುತ್ತವೆ. ಸೀಮೆಸುಣ್ಣ ಬಳಿಯೋದು, ತಂತಿ ಬ್ರಷ್ಷಲ್ಲಿ ತಿಕ್ಕೋದು, ಆಸಿಡ್ ಹಾಕೋದು ಬೇಡವೇ ಬೇಡ.

ಬಿಟ್ಟಿ ಎಡಿಟರ್ ಎಲ್ಲಿತನಕ ಸಾಕು?

ವಿಂಡೋಸ್ ಜೊತೆ ಬರುವ ಫೋಟೋಸ್, ಮ್ಯಾಕ್‌ನ ಪ್ರಿವ್ಯೂ ಇವೆರಡರಲ್ಲೂ ಶಾಸನ ಓದುವವರಿಗೆ ಬೇಕಾದ ಮೊದಲ ಹಂತದ ಕೆಲಸ ನಡೆಯುತ್ತೆ. ನಾನು ಹೀಗೆ ಮಾಡ್ತೀನಿ: ಮೊದಲು ಓರೆ ಸರಿಪಡಿಸಿ, ಸುತ್ತಲಿನ ಹುಲ್ಲು ಗೋಡೆ ಕತ್ತರಿಸೋದು. ಆಮೇಲೆ ಸ್ಯಾಚುರೇಷನ್ ಪೂರ್ತಿ ಇಳಿಸಿ ಕಪ್ಪುಬಿಳುಪು ಮಾಡೋದು. ಹೈಲೈಟ್ ಸ್ವಲ್ಪ ಇಳಿಸಿ, ಕಾಂಟ್ರಾಸ್ಟ್ ನಿಧಾನಕ್ಕೆ ಏರಿಸೋದು. ಪ್ರಿವ್ಯೂನಲ್ಲಿ ಕಪ್ಪು, ಬಿಳುಪಿನ ಮಿತಿಗಳನ್ನು ಎಳೆದು ಹೊಂದಿಸುವ ಲೆವೆಲ್ಸ್ ಕೂಡ ಇದೆ. ಓರೆ ಬೆಳಕಲ್ಲಿ ತೆಗೆದ ಫೋಟೋ ಆದರೆ ಸಾಮಾನ್ಯವಾಗಿ ಇಷ್ಟಕ್ಕೇ ಓದೋಕೆ ಬರುತ್ತೆ.

ಇನ್ನೊಂದು ತೊಡಕು: ಬೆಳಕು ಕೆಳಗಿಂದ ಬಿದ್ದಿದ್ದರೆ ಕೊರೆದ ಅಕ್ಷರ ಉಬ್ಬಿದಂತೆ ಕಾಣುತ್ತೆ. ಬೆಳಕು ಮೇಲಿಂದಲೇ ಬರುತ್ತೆ ಅಂತ ನಮ್ಮ ಕಣ್ಣು ಅಂದುಕೊಂಡಿರುವುದೇ ಕಾರಣ. ವಿಂಡೋಸ್‌ನ ಪೇಂಟ್‌ನಲ್ಲಿ ಬಣ್ಣಗಳನ್ನು ತಿರುಗಿಸುವ ಇನ್ವರ್ಟ್ ಇದೆ. ಅದನ್ನು ಒತ್ತಿದರೆ ಉಬ್ಬು ತಗ್ಗಾಗಿ ಕಾಣುತ್ತೆ, ಓದು ಸಲೀಸು. ಇದಕ್ಕೂ ಒಂದು ಪೈಸೆ ಖರ್ಚಿಲ್ಲ.

ಅದು ಎಲ್ಲಿ ನಿಲ್ಲುತ್ತೆ?

ನಮ್ಮ ಕಡೆಯ ಕಲ್ಲು ಹೆಚ್ಚಾಗಿ ಗ್ರಾನೈಟ್, ನೈಸ್ ಜಾತಿಯದು. ಅದರ ಮೈಯಲ್ಲೇ ಕರಿ ಬಿಳಿ ಚುಕ್ಕೆಗಳಿರುತ್ತವೆ. ಇಡೀ ಚಿತ್ರಕ್ಕೆ ಒಂದೇ ಸಮ ಕಾಂಟ್ರಾಸ್ಟ್ ಏರಿಸಿದರೆ ಅಕ್ಷರದ ಜೊತೆ ಆ ಚುಕ್ಕೆಗಳೂ ಏಳುತ್ತವೆ. ಕರಿ ಚುಕ್ಕೆ ಒಂದು ಸೊನ್ನೆಯಂತೆ, ಬಿರುಕು ಒಂದು ಗುಡಿಸಿನಂತೆ ಕಾಣೋಕೆ ಶುರುವಾಗುತ್ತೆ. ಫೋಟೋಶಾಪ್‌ನಂಥ ಸಾಫ್ಟ್‌ವೇರ್‌ಗೆ ಕೊಡುವ ದುಡ್ಡು ಕೆಲಸಕ್ಕೆ ಬರೋದು ಇಂಥ ಕಡೆ. ಸವೆದ ಮೂರು ಸಾಲನ್ನು ಮಾತ್ರ ಆರಿಸಿ ತಿದ್ದಬಹುದು. ತಿದ್ದಿದ್ದೆಲ್ಲ ಬೇರೆ ಪದರದಲ್ಲಿರುತ್ತೆ, ಮೂಲ ಕೆಳಗೆ ಹಾಗೇ ಇರುತ್ತೆ. ಓರೆ ನಿಂತು ತೆಗೆದ ಫೋಟೋವನ್ನು ಎದುರಿಂದ ತೆಗೆದಂತೆ ಹೊಂದಿಸಬಹುದು.

ಪೂಜೆಯಲ್ಲಿರುವ ಕಲ್ಲಾದರೆ ಕುಂಕುಮ, ಎಣ್ಣೆ ಇದ್ದೇ ಇರುತ್ತೆ. ಕುಂಕುಮದ ಕಲೆ ನೀಲಿ ಚಾನೆಲ್‌ನಲ್ಲಿ ಕಪ್ಪಾಗಿ ಕಾಣುತ್ತೆ, ಕೆಂಪು ಚಾನೆಲ್‌ನಲ್ಲಿ ತಿಳಿಯಾಗಿ ಕಲ್ಲಿನ ಬಣ್ಣದಲ್ಲಿ ಬೆರೆತುಹೋಗುತ್ತೆ. ಅಂದರೆ ಕೆಂಪು ಚಾನೆಲ್ ಒಂದನ್ನೇ ಇಟ್ಟುಕೊಂಡರೆ ಕಲೆ ತಗ್ಗಿ ಅಕ್ಷರ ಮೇಲೆ ಬರುತ್ತೆ. ಜನರ ನಂಬಿಕೆಯ ಕಲ್ಲನ್ನು ತೊಳೆಯುವ ಪ್ರಮೇಯವೇ ಬರೋದಿಲ್ಲ. ಚಾನೆಲ್ ಬೇರ್ಪಡಿಸುವ ಈ ಸೌಲಭ್ಯ ಫೋಟೋಸ್‌ನಲ್ಲಿಲ್ಲ.

ಆದರೆ ಇಷ್ಟಕ್ಕೆ ದುಡ್ಡು ಕೊಡಲೇಬೇಕು ಅಂತಿಲ್ಲ. ಗಿಂಪ್ ಅನ್ನೋ ಸಾಫ್ಟ್‌ವೇರ್ ಉಚಿತ. ಪದರ, ಕರ್ವ್ಸ್, ಚಾನೆಲ್, ಓರೆ ಸರಿಪಡಿಸೋದು ಎಲ್ಲವೂ ಅದರಲ್ಲಿದೆ. ಕಲಿಯೋಕೆ ಒಂದೆರಡು ವಾರ ಬೇಕು ಅಷ್ಟೇ. ಅಡೋಬಿಯವರದು 2013ರಿಂದ ಚಂದಾ ಪದ್ಧತಿ, ದುಡ್ಡು ಕಟ್ಟೋದು ನಿಂತರೆ ಸಾಫ್ಟ್‌ವೇರೂ ನಿಲ್ಲುತ್ತೆ. ಹತ್ತು ವರ್ಷ ಇರಬೇಕಾದ ದಾಖಲೆಗೆ ಇದನ್ನೂ ಯೋಚಿಸಬೇಕು.

ಒಂದು ಗೀರಿನ ಬೆಲೆ

ತಿದ್ದುವಿಕೆ ಹದ ತಪ್ಪಿದರೆ ಏನಾಗುತ್ತೆ ನೋಡಿ. ರಾಜನ ಹೆಸರಿನ ಸಾಲು ಸವೆದುಹೋದ ಒಂದು ಶಾಸನ, ಅದರಲ್ಲಿ ಶಕವರ್ಷ ೧೪೪೫ ಅಂತಿದೆ ಎಂದಿಟ್ಟುಕೊಳ್ಳಿ. ೪ ಮತ್ತು ೫ರ ನಡುವೆ ಇರೋದು ಒಂದು ಸಣ್ಣ ತಿರುವು. ಕಾಂಟ್ರಾಸ್ಟ್ ಜಾಸ್ತಿಯಾಗಿ ಪಕ್ಕದ ಬಿರುಕು ಅಂಕಿಗೆ ಸೇರಿಕೊಂಡರೆ ಅದು ೧೪೫೫ ಆಗಿಬಿಡುತ್ತೆ. ಶಕಕ್ಕೆ 78 ಕೂಡಿಸಿ: ಮೊದಲನೆಯದು 1523, ಕೃಷ್ಣದೇವರಾಯನ ಕಾಲ. ಎರಡನೆಯದು 1533, ಅಚ್ಯುತರಾಯನ ಕಾಲ. ಒಂದು ಗೀರಿಗೆ ರಾಜನೇ ಬದಲಾದ!

ಇಲ್ಲಿ ಕಾಪಾಡೋದು ಸಂವತ್ಸರದ ಹೆಸರು. 1445ಕ್ಕೆ ಸ್ವಭಾನು, 1455ಕ್ಕೆ ವಿಜಯ. ಹಾಗಾಗಿ ಫೋಟೋ ತಿದ್ದಿ ಓದಿದ ಅಂಕಿಯನ್ನು ಶಾಸನದೊಳಗಿನ ಇನ್ನೊಂದು ಆಧಾರದ ಜೊತೆ ತಾಳೆ ನೋಡದೆ ಒಪ್ಪಬೇಡಿ. ಬೇರೆ ದಿಕ್ಕಿನ ಬೆಳಕಿನ ಫೋಟೋದಲ್ಲೂ ಆ ಗೀರು ಇದೆಯಾ ನೋಡಿ.

ಈಗ ಬಿಟ್ಟಿ ಎಡಿಟರ್‌ಗಳಲ್ಲೂ, ದುಡ್ಡಿನವುಗಳಲ್ಲೂ ಕೃತಕ ಬುದ್ಧಿಮತ್ತೆಯ ಸಲಕರಣೆಗಳು ಬಂದಿವೆ. ಕಲೆ ಅಳಿಸೋದು, ಮಸುಕು ತೆಗೆಯೋದು ಇವೆಲ್ಲ ಅಲ್ಲಿ ಏನಿರಬಹುದು ಅಂತ ಊಹಿಸಿ ತುಂಬಿಸುತ್ತವೆ. ಶಾಸನದ ಮಟ್ಟಿಗೆ ಇದು ಹೊಸದಾಗಿ ಅಕ್ಷರ ಕೊರೆದಂತೆಯೇ. ಅವುಗಳನ್ನು ಮುಟ್ಟಲೇಬೇಡಿ.

ಹಾಗಾದರೆ ಏನು ಮಾಡೋದು?

ಮೂಲ ಫೋಟೋವನ್ನು ಬೇರೆ ಫೋಲ್ಡರ್‌ನಲ್ಲಿ ಇಟ್ಟು, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿ. ಫೋಟೋಸ್‌ನಲ್ಲಿ ಬರೀ ಸೇವ್ ಒತ್ತಿದರೆ ಮೂಲದ ಮೇಲೇ ಬರೆದುಬಿಡುತ್ತೆ, ಅದರ ಬದಲು ಪ್ರತಿಯಾಗಿ ಉಳಿಸುವ ಆಯ್ಕೆ ಒತ್ತಿ. ಜೆಪೆಗ್ ಫೈಲನ್ನು ತಿದ್ದಿ ತಿದ್ದಿ ಉಳಿಸಿದಷ್ಟೂ ವಿವರ ಸವೆಯುತ್ತೆ, ಆದ್ದರಿಂದ ಕೆಲಸದ ಪ್ರತಿ ಟಿಫ್ ಆಗಿರಲಿ. ಊರು, ಜಾಗ, ತಾರೀಖು, ಬೆಳಕಿನ ದಿಕ್ಕು, ಏನೇನು ತಿದ್ದಿದಿರಿ ಅನ್ನೋದನ್ನು ಒಂದು ಸಾಲು ಬರೆದಿಡಿ. ಹಂಚಿಕೊಳ್ಳುವಾಗ ಮೂಲ, ತಿದ್ದಿದ್ದು ಎರಡನ್ನೂ ಕೊಡಿ, ನೋಡುವವರೇ ತೂಗಿ ನೋಡಲಿ.

ತೀರಾ ಸವೆದ ಕಲ್ಲಿಗೆ ಫೋಟೋ ಸಾಲದು. ಅಲ್ಲಿ ಬೇಕಾದದ್ದು ಪಡಿಯಚ್ಚು, ಇಲ್ಲವೇ ಮೂರು ಆಯಾಮದ ಸ್ಕ್ಯಾನ್. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳಿಗೆ ಈ ಕೆಲಸ ಮಾಡುತ್ತಿದೆ. ಫೋಟೋದಲ್ಲಿ ಜಗ್ಗದ ಕಲ್ಲು ಕಂಡರೆ ಅಂಥವರ ಗಮನಕ್ಕೆ ತನ್ನಿ.

ನನ್ನ ಲೆಕ್ಕ ಇಷ್ಟು: ಹೊಸಬರಿಗೆ ಕಂಪ್ಯೂಟರ್ ಜೊತೆ ಬಂದ ಎಡಿಟರ್ ಸಾಕು. ಅದು ಸಾಲದ ದಿನ ಗಿಂಪ್ ಹಾಕಿಕೊಳ್ಳಿ. ಪುಸ್ತಕಕ್ಕೆ ಅಂತ ನೂರಾರು ಫೋಟೋ ಸಿದ್ಧಮಾಡುವವರು ಚಂದಾ ಕಟ್ಟಿದರೆ ಸಮಯ ಉಳಿಯಬಹುದು. ಉಳಿದವರು ಆ ದುಡ್ಡಲ್ಲಿ ಒಂದು ಒಳ್ಳೆ ಟಾರ್ಚು ತಗೊಂಡು, ಮಿಕ್ಕಿದ್ದನ್ನು ತೂಬಗೆರೆ ಬಸ್ಸಿಗೆ ಇಟ್ಟುಕೊಳ್ಳಿ.